ಬೆಲ್ಟ್ ನಿಂತಿತು, ಪೆಟ್ಟಿಗೆ ಬರಲಿಲ್ಲ

ಬಜ್ಪೆಯಲ್ಲಿ ವಿಮಾನ ಇಳಿದು ಮುಕ್ಕಾಲು ಗಂಟೆಯಾಗಿತ್ತು. ಬೆಲ್ಟಿನ ಮೇಲೆ ಹಗ್ಗ ಕಟ್ಟಿದ ಒಂದು ಕಾರ್ಟನ್, ಯಾರದೋ ಮಗುವಿನ ತಳ್ಳುಗಾಡಿ, ಎರಡೇ ಸುತ್ತುತ್ತಿದ್ದವು. ಅವಕ್ಕೂ ವಾರಸುದಾರರು ಬಂದರು, ಬೆಲ್ಟ್ ನಿಂತಿತು. ನಾವು ನಾಲ್ಕು ಮಂದಿ, ಕೈಯಲ್ಲಿ ಐದು ಟ್ಯಾಗ್, ಟ್ರಾಲಿಯಲ್ಲಿ ನಾಲ್ಕೇ ಪೆಟ್ಟಿಗೆ. ಬಾರದೆ ಹೋದದ್ದು ದೊಡ್ಡ ನೀಲಿ ಪೆಟ್ಟಿಗೆ. ತಂಗಿಯ ಮಗಳ ಮದುವೆಗೆ ಹತ್ತು ದಿನ ಉಳಿದಿತ್ತು. ಮದುವೆಗೆಂದು ತಂದ ಬಟ್ಟೆಯೆಲ್ಲ ಅದರಲ್ಲೇ ಇತ್ತು.

ಹೊರಗೆ ಎರಡು ಕಾರು ಮಾಡಿಕೊಂಡು ಮನೆಯವರು ಬಂದು ಕಾಯುತ್ತಿದ್ದರು. ಫೋನಿನ ಮೇಲೆ ಫೋನ್. "ಬನ್ನಿ ಮಾರಾಯ್ರೆ, ಮಕ್ಕಳಿಗೆ ಹಸಿವಾಗಿದೆ. ಪೆಟ್ಟಿಗೆ ಎಲ್ಲಿಗೆ ಹೋಗ್ತದೆ? ನಾಳೆ ಫೋನ್ ಮಾಡಿದರಾಯ್ತು" ಎಂದು ಭಾವ. ನಮಗೂ ಅದೇ ಸರಿ ಎನಿಸಿ ಟ್ರಾಲಿಯನ್ನು ಬಾಗಿಲ ಕಡೆ ತಿರುಗಿಸಿದ್ದೆವು. ಅಲ್ಲಿ ಖಾಲಿ ಟ್ರಾಲಿ ಜೋಡಿಸುತ್ತಿದ್ದ ಹುಡುಗನೊಬ್ಬ ನಮ್ಮ ಮುಖ ನೋಡಿಯೇ ಕೇಳಿದ: "ಪೆಟ್ಟಿಗೆ ಬರಲಿಲ್ವಾ? ಕಂಪ್ಲೇಂಟ್ ಬರೆಸಿದ್ರಾ? ಬರೆಸದೆ ಹೊರಗೆ ಹೋಗ್ಬೇಡಿ. ಒಮ್ಮೆ ಹೊರಗೆ ಹೋದ್ರೆ ಮತ್ತೆ ಒಳಗೆ ಬರ್ಲಿಕ್ಕೆ ಕಷ್ಟ."

ಆ ಹುಡುಗ ಯಾರೆಂದು ಗೊತ್ತಿಲ್ಲ. ಅವನಿಗೆ ನಾವು ಇವತ್ತಿಗೂ ದುಆ ಮಾಡುತ್ತೇವೆ. ಅವನು ಹೇಳಿದ ಆ ಕಾಗದ ಇಲ್ಲದಿದ್ದರೆ ನಮಗೆ ಹಣವೂ ಬರುತ್ತಿರಲಿಲ್ಲ, ಕೇರಿಯಲ್ಲಿ ತಲೆ ಎತ್ತಿ ನಡೆಯಲಿಕ್ಕೂ ಆಗುತ್ತಿರಲಿಲ್ಲ. ಎರಡನೆಯ ಮಾತು ಯಾಕೆಂದು ಕೊನೆಗೆ ಹೇಳುತ್ತೇವೆ.

ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಬ್ಯಾರಿ ಮನೆ ಕಡಿಮೆ. ಪೆಟ್ಟಿಗೆ ಕಳೆದುಕೊಂಡ ಕತೆಯೂ ಹೆಚ್ಚಿನ ಮನೆಗಳಲ್ಲಿ ಒಂದಾದರೂ ಇರುತ್ತದೆ. ಆದರೆ ಆ ಕತೆಗಳ ಕೊನೆ ಬಹಳಷ್ಟು ಸಲ ಒಂದೇ ರೀತಿ: "ಒಂದು ತಿಂಗಳು ಫೋನ್ ಮಾಡಿದೆವು, ಅವರು ನೋಡ್ತೇವೆ ನೋಡ್ತೇವೆ ಅಂದ್ರು, ಮತ್ತೆ ನಾವೇ ಬಿಟ್ಟುಬಿಟ್ಟೆವು, ನಸೀಬು." ನಸೀಬಿನ ಮೇಲೆ ನಮಗೂ ಈಮಾನ್ ಉಂಟು. ಆದರೆ ಟಿಕೆಟಿಗೆ ಹಣ ಕೊಟ್ಟು, ಪೆಟ್ಟಿಗೆ ತೂಗಿಸಿ, ಚೀಟಿ ಅಂಟಿಸಿಕೊಂಡು ಒಪ್ಪಿಸಿದ ಮೇಲೆ ಅದನ್ನು ಜೋಪಾನವಾಗಿ ತಂದು ಕೊಡುವುದು ವಿಮಾನ ಕಂಪೆನಿಯ ಹೊಣೆ. ಅದನ್ನು ಕೇಳುವುದು ಬೇಡುವುದಲ್ಲ, ನಮ್ಮ ಹಕ್ಕು.

ಆ ಕಾಗದದ ಹೆಸರು ಪ್ರಾಪರ್ಟಿ ಇರ‍್ರೆಗ್ಯುಲಾರಿಟಿ ರಿಪೋರ್ಟ್. ಕೌಂಟರಿನವರು ಚಿಕ್ಕದಾಗಿ ಪಿಐಆರ್ ಅನ್ನುತ್ತಾರೆ. ಬೆಲ್ಟಿನ ಹತ್ತಿರವೇ ಬ್ಯಾಗೇಜ್ ವಿಭಾಗದ ಕೌಂಟರ್ ಇರುತ್ತದೆ, ಅಲ್ಲಿ ಬರೆಸಬೇಕು. ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಮತ್ತು ಚೆಕ್‌ಇನ್ ಮಾಡುವಾಗ ಕೊಟ್ಟ ಬ್ಯಾಗೇಜ್ ಚೀಟಿ ಕೇಳುತ್ತಾರೆ. ಚೀಟಿಯಲ್ಲಿರುವ ಹತ್ತು ಅಂಕಿಯ ಸಂಖ್ಯೆಯೇ ನಿಮ್ಮ ಪೆಟ್ಟಿಗೆಯ ಗುರುತು. ನಮ್ಮಲ್ಲಿ ಎಷ್ಟೋ ಮಂದಿ ಆ ಚೀಟಿಯನ್ನು ವಿಮಾನದೊಳಗೇ ಚಾಕೊಲೇಟಿನ ಕಾಗದದ ಜೊತೆ ಬಿಸಾಡಿ ಬರುತ್ತಾರೆ. ಪಾಸ್‌ಪೋರ್ಟಿನ ಹಿಂದೆ ಅಂಟಿಸಿದ್ದರೆ ತೆಗೆಯಬೇಡಿ. ಅದಕ್ಕೊಂದು ಫೋಟೊ ಕೂಡ ಹೊಡೆದಿಟ್ಟುಕೊಳ್ಳಿ.

ರಿಪೋರ್ಟ್ ಬರೆದಾದ ಮೇಲೆ ಒಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಮೊದಲು ಮೂರು ಅಕ್ಷರ ವಿಮಾನ ನಿಲ್ದಾಣದ್ದು (ಮಂಗಳೂರಿಗೆ ಐಎಕ್ಸ್‌ಇ), ಮುಂದಿನ ಎರಡು ಕಂಪೆನಿಯದ್ದು, ಕೊನೆಗೆ ಐದು ಅಂಕಿ. ಇದು ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆಗೆ ಸೇರುತ್ತದೆ. ಬೇರೆ ಬೇರೆ ದೇಶದ ವಿಮಾನ ಕಂಪೆನಿಗಳು ಕಳೆದ ಮತ್ತು ಸಿಕ್ಕಿದ ಪೆಟ್ಟಿಗೆಗಳನ್ನು ಅದರಲ್ಲಿ ತಾಳೆ ಹಾಕುತ್ತವೆ. ಹಾಗಾಗಿ ಪೆಟ್ಟಿಗೆಯ ವಿವರ ಕೇಳುವಾಗ "ಕಪ್ಪು ಟ್ರಾಲಿ" ಎಂದಷ್ಟೇ ಹೇಳಿದರೆ ಪ್ರಯೋಜನ ಇಲ್ಲ. ಲೋಕದಲ್ಲಿರುವ ಅರ್ಧ ಪೆಟ್ಟಿಗೆ ಕಪ್ಪು ಟ್ರಾಲಿಯೇ. ಕಂಪೆನಿ ಯಾವುದು, ಚಕ್ರ ಎಷ್ಟು, ಹಿಡಿಕೆ ಮುರಿದಿದೆಯಾ, ಮೇಲೆ ಯಾವ ಬಣ್ಣದ ರಿಬ್ಬನ್, ಒಳಗೆ ಮೇಲ್ಭಾಗದಲ್ಲೇ ಏನು ಇಟ್ಟಿದ್ದೀರಿ, ಇದೆಲ್ಲ ಹೇಳಬೇಕು. ಹಿಂದಿನವರು ಕಾರ್ಟನ್ನಿಗೆ ಹಸಿರು ಹಗ್ಗ ಬಿಗಿದು, ಮಾರ್ಕರಿನಲ್ಲಿ ಹೆಸರು, ಊರು, ಮಂಗಳೂರು ಎಂದು ನಾಲ್ಕೂ ಬದಿಗೆ ದಪ್ಪಕ್ಕೆ ಬರೆಯುತ್ತಿದ್ದರು. ಈಗಿನ ಮಕ್ಕಳಿಗೆ ಅದು ನಾಚಿಕೆ. ನಮ್ಮ ಅನುಭವದಲ್ಲಿ ಆ ಕಾರ್ಟನ್ ಕಳೆದುಹೋಗುವುದೇ ಕಡಿಮೆ.

ಇನ್ನೊಂದು ಸಂಗತಿ ನಮಗೆ ಆ ದಿನವೇ ಗೊತ್ತಾದದ್ದು. ವಿದೇಶದಿಂದ ಬಂದವರಿಗೆ ಕಸ್ಟಮ್ಸ್‌ನಲ್ಲಿ ಇಷ್ಟು ಬೆಲೆಯ ಸಾಮಾನಿಗೆ ಸುಂಕ ಇಲ್ಲ ಎಂಬ ರಿಯಾಯಿತಿ ಉಂಟಲ್ಲ, ಪೆಟ್ಟಿಗೆ ಆಮೇಲೆ ಬಂದರೆ ಆ ರಿಯಾಯಿತಿ ಏನಾಗಬೇಕು? ವಿಮಾನ ಕಂಪೆನಿಯಿಂದ ಒಂದು ಪ್ರಮಾಣ ಪತ್ರ ಬರೆಸಿ, ನಿಮ್ಮ ರಿಯಾಯಿತಿಯಲ್ಲಿ ಇನ್ನು ಎಷ್ಟು ಉಳಿದಿದೆ ಎಂಬುದಕ್ಕೆ ಅಲ್ಲೇ ಕಸ್ಟಮ್ಸ್ ಅಧಿಕಾರಿಯ ಸಹಿ ಹಾಕಿಸಿಕೊಳ್ಳಬೇಕು. ಇದನ್ನು ಮಾಡದೆ ಹೊರಗೆ ಬಂದರೆ, ಪೆಟ್ಟಿಗೆ ಸಿಕ್ಕಿದ ಸಂತೋಷದಲ್ಲಿ ಇರುವಾಗ ಸುಂಕದ ತಕರಾರು ಎದುರಾಗಬಹುದು.

ಮುಂಬೈಯಂತಹ ಕಡೆ ಇಳಿದು, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಮಂಗಳೂರಿಗೆ ಬರುವವರು ಸಾಮಾನ್ಯವಾಗಿ ಅಲ್ಲೇ ಪೆಟ್ಟಿಗೆ ತೆಗೆದು ಕಸ್ಟಮ್ಸ್ ದಾಟಿಸಿ ಮತ್ತೆ ಹಾಕಬೇಕಾಗುತ್ತದೆ. ಅಲ್ಲಿ ಪೆಟ್ಟಿಗೆ ಬಾರದಿದ್ದರೆ ಅಲ್ಲೇ ಬರೆಸಿ. "ಊರಿಗೆ ಹೋಗಿ ಹೇಳುವಾ" ಎಂದು ಬಂದರೆ ಇಲ್ಲಿಯವರು ನಮಗೆ ಸಂಬಂಧ ಇಲ್ಲ ಎನ್ನುತ್ತಾರೆ.

ಸರಿ, ಕಾಗದ ಕೈಗೆ ಬಂತು. ಆಮೇಲೆ ಹೆಚ್ಚಿನವರು ಮಾಡುವ ತಪ್ಪನ್ನು ನಾವೂ ಮಾಡುವವರಿದ್ದೆವು. ಕೌಂಟರಿನಲ್ಲಿ ಬರೆಸಿದ್ದೇ ದೂರು, ಇನ್ನು ಅವರು ನೋಡಿಕೊಳ್ಳುತ್ತಾರೆ ಎಂದು ಕುಳಿತುಕೊಳ್ಳುವುದು. ಅದು ಪೆಟ್ಟಿಗೆ ಬರಲಿಲ್ಲ ಎಂಬ ವರದಿ ಮಾತ್ರ. ಇಷ್ಟು ನಷ್ಟವಾಗಿದೆ, ಇಷ್ಟು ಪರಿಹಾರ ಕೊಡಿ ಎಂಬ ಪತ್ರವನ್ನು ಬೇರೆಯೇ ಬರೆಯಬೇಕು. ಅದಕ್ಕೆ ವಾಯಿದೆ ಉಂಟು. ವಾಯಿದೆ ದಾಟಿದರೆ ಎಷ್ಟು ದೊಡ್ಡ ವಕೀಲರಿಂದಲೂ ಹೆಚ್ಚೇನೂ ಮಾಡ್ಲಿಕ್ಕಾಗುವುದಿಲ್ಲ.

ಈ ವಾಯಿದೆಗಳು ಬರುವುದು 1999ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದದಿಂದ. ಭಾರತ ಇದಕ್ಕೆ 2009ರಲ್ಲಿ ಸೇರಿತು. ಸೌದಿ, ಯುಎಇ, ಕತಾರ್, ಕುವೈತ್, ಬಹರೈನ್, ಒಮಾನ್ ಎಲ್ಲವೂ ಇದರಲ್ಲಿವೆ. ಹಾಗಾಗಿ ಊರಿಗೂ ಗಲ್ಫಿಗೂ ನಡುವೆ ಓಡಾಡುವ ನಮಗೆ ಎರಡೂ ತುದಿಯಲ್ಲಿ ಒಂದೇ ಕಾನೂನು. ಪೆಟ್ಟಿಗೆ ಬಂತು, ಆದರೆ ಒಡೆದಿದೆ ಅಥವಾ ಒಳಗಿನ ಸಾಮಾನು ಕಾಣೆಯಾಗಿದೆ ಎಂದಾದರೆ ಕೈಗೆ ಬಂದ ದಿನದಿಂದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿ ಬಂತು ಎಂದಾದರೆ ಕೈಗೆ ಸಿಕ್ಕಿದ ಮೇಲೆ 21 ದಿನದೊಳಗೆ. ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ, ಅಥವಾ ಅದಕ್ಕಿಂತ ಮೊದಲೇ ಕಂಪೆನಿ ಕಳೆದುಹೋಗಿದೆ ಎಂದು ಒಪ್ಪಿಕೊಂಡರೆ, ಅದು ಕಳೆದ ಪೆಟ್ಟಿಗೆ. ಆಮೇಲೆ "ಇನ್ನೂ ಹುಡುಕುತ್ತಿದ್ದೇವೆ, ಕಾಯಿರಿ" ಎಂಬ ಮಾತಿಗೆ ಬೆಲೆ ಇಲ್ಲ, ನೇರ ಪರಿಹಾರ ಕೇಳಬಹುದು. ಕೋರ್ಟಿಗೆ ಹೋಗುವುದಿದ್ದರೆ ಎರಡು ವರ್ಷದೊಳಗೆ ಹೋಗಬೇಕು.

ಫೋನಿನಲ್ಲಿ ಹೇಳಿದ್ದು ದೂರು ಅಲ್ಲ. ಕಸ್ಟಮರ್ ಕೇರಿನ ಹುಡುಗಿ ಎಷ್ಟು ನಯವಾಗಿ "ನೋಟ್ ಮಾಡಿಕೊಂಡಿದ್ದೇನೆ ಸರ್" ಎಂದರೂ ಅದು ಗಾಳಿಯಲ್ಲಿ ಹೋದ ಮಾತು. ಈಮೇಲ್ ಮಾಡಿ. ಕಂಪೆನಿಯ ವೆಬ್‌ಸೈಟಿನ ಫಾರಂ ತುಂಬಿಸಿದರೆ ಕೊನೆಗೆ ಬರುವ ಪುಟದ ಫೋಟೊ ತೆಗೆದಿಡಿ. ನಮ್ಮ ಮನೆಯಲ್ಲಿ ಈ ಕೆಲಸ ಮಾಡಿದ್ದು ಪಿಯುಸಿ ಓದುವ ಮಗಳು. ಅವಳ ಇಂಗ್ಲಿಷ್ ನಮ್ಮದಕ್ಕಿಂತ ಚೆನ್ನಾಗಿದೆ, ಅದಕ್ಕಿಂತ ಮುಖ್ಯವಾಗಿ ಅವಳಿಗೆ ನಮ್ಮ ಹಾಗೆ "ಹೋಗ್ಲಿ ಬಿಡಿ" ಎನ್ನುವ ಅಭ್ಯಾಸ ಇಲ್ಲ.

ಇನ್ನು ಎಲ್ಲರೂ ಮೊದಲು ಕೇಳುವ ಪ್ರಶ್ನೆ: ಎಷ್ಟು ಸಿಗ್ತದೆ? ಹಿಂದೆ ಜಾರಿಯಲ್ಲಿದ್ದ ವಾರ್ಸಾ ಒಪ್ಪಂದದಲ್ಲಿ ತೂಕದ ಲೆಕ್ಕ ಇತ್ತು, ಕಿಲೋಗೆ ಸುಮಾರು 20 ಡಾಲರ್. ಪೆಟ್ಟಿಗೆಯಲ್ಲಿ ರೇಷ್ಮೆ ಇರಲಿ, ಖರ್ಜೂರ ಇರಲಿ, ಒಂದೇ ದರ. ಈಗಲೂ ಕೆಲವರು ಆ ಲೆಕ್ಕ ತೋರಿಸಿ ಸಣ್ಣ ಮೊತ್ತಕ್ಕೆ ಒಪ್ಪಿಸಲು ನೋಡುವುದುಂಟು. ಮಾಂಟ್ರಿಯಲ್ ಒಪ್ಪಂದದಲ್ಲಿ ತೂಕದ ಲೆಕ್ಕ ಇಲ್ಲ. ಒಬ್ಬ ಪ್ರಯಾಣಿಕನಿಗೆ ಇಷ್ಟರವರೆಗೆ ಎಂಬ ಮಿತಿ ಮಾತ್ರ. ಆ ಮಿತಿಯನ್ನು ಎಸ್‌ಡಿಆರ್ ಎಂಬ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದಲ್ಲಿ ಹೇಳುತ್ತಾರೆ. 2019ರ ಕೊನೆಯಿಂದ ಅದು 1288 ಇತ್ತು, 2024ರ ಡಿಸೆಂಬರ್ 28ರಿಂದ ಒಪ್ಪಂದದಲ್ಲಿ 1519 ಆಗಿದೆ. ನಮ್ಮ ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷದ ಆಚೀಚೆ.

ಇದನ್ನು ಕೇಳಿದ ಕೂಡಲೇ ನಮ್ಮ ಭಾವನವರ ಮುಖ ಅರಳಿತು. "ಹಾಗಾದ್ರೆ ಪೆಟ್ಟಿಗೆ ಬಾರದಿರುವುದೇ ಒಳ್ಳೆಯದು!" ಆದರೆ ಅದು ಮೇಲಿನ ಮಿತಿ, ಎಲ್ಲರಿಗೂ ಕೊಡುವ ಮೊತ್ತವಲ್ಲ. ಯುರೋಪಿನ ಒಕ್ಕೂಟದ ನ್ಯಾಯಾಲಯಕ್ಕೆ ಇದೇ ಪ್ರಶ್ನೆ ಬಂದಿತ್ತು. ಸ್ಪೇನಿನಲ್ಲಿ ಪೆಟ್ಟಿಗೆ ಕಳೆದುಕೊಂಡ ಒಬ್ಬ ಪ್ರಯಾಣಿಕರು, ಪೆಟ್ಟಿಗೆ ಪೂರ್ತಿ ಹೋದದ್ದರಿಂದ ಗರಿಷ್ಠ ಮೊತ್ತವನ್ನೇ ಕೊಡಬೇಕು ಎಂದು ವಾದಿಸಿದ್ದರು. 2020ರ ಜುಲೈಯಲ್ಲಿ ನ್ಯಾಯಾಲಯ ಹಾಗಲ್ಲ ಎಂದಿತು. ಒಳಗೆ ಏನಿತ್ತು, ಎಷ್ಟು ಬೆಲೆಯದ್ದು ಎಂದು ಪ್ರಯಾಣಿಕರೇ ತೋರಿಸಬೇಕು, ಅದನ್ನು ನೋಡಿ ಮಿತಿಯೊಳಗೆ ಮೊತ್ತ ನಿಗದಿಯಾಗಬೇಕು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಒಪ್ಪಂದ ಒಂದೇ ಆದ್ದರಿಂದ ಓದುವ ರೀತಿ ತಿಳಿಯುತ್ತದೆ.

ಅದೇ ನ್ಯಾಯಾಲಯದ ಇನ್ನೊಂದು ತೀರ್ಪು ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. 2008ರಲ್ಲಿ ಬಾರ್ಸಿಲೋನಾದಿಂದ ಪ್ಯಾರಿಸಿಗೆ ಹೊರಟ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ನಾಲ್ವರ ಸಾಮಾನೂ ಎರಡೇ ಪೆಟ್ಟಿಗೆಯಲ್ಲಿ. ಎರಡೂ ಕಳೆದವು. ಟ್ಯಾಗ್ ಇರುವುದು ಎರಡೇ ಎಂದು ಇಬ್ಬರಿಗೆ ಮಾತ್ರ ಪರಿಹಾರವಾ, ಅಥವಾ ನಾಲ್ವರಿಗಾ? 2012ರ ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು: ಇನ್ನೊಬ್ಬರ ಹೆಸರಿನ ಪೆಟ್ಟಿಗೆಯಲ್ಲಿ ತನ್ನ ಸಾಮಾನು ಇತ್ತೆಂದು ತೋರಿಸಿದರೆ, ಅದೇ ವಿಮಾನದಲ್ಲಿದ್ದ ಪ್ರತಿಯೊಬ್ಬರಿಗೂ ಬೇರೆ ಬೇರೆ ಹಕ್ಕು ಉಂಟು. ನಮ್ಮಲ್ಲಿ ಉಮ್ಮನ ಬುರ್ಖಾ ಮಗನ ಪೆಟ್ಟಿಗೆಯಲ್ಲಿ, ಮಗನ ಶೂ ಸೊಸೆಯ ಪೆಟ್ಟಿಗೆಯಲ್ಲಿ, ಮಕ್ಕಳ ಬಟ್ಟೆ ಎಲ್ಲರ ಪೆಟ್ಟಿಗೆಯಲ್ಲಿ. ಹಾಗಾಗಿ ಪಟ್ಟಿ ಬರೆಯುವಾಗ ಯಾವುದು ಯಾರದ್ದು ಎಂದು ಹೆಸರು ಹಾಕಿ ಬರೆಯಿರಿ. ನಾವು ಹಾಗೆಯೇ ಬರೆದೆವು.

ದೇಶದೊಳಗಿನ ಪ್ರಯಾಣಕ್ಕೆ ಮಿತಿ ತುಂಬ ಕಡಿಮೆ, ಒಬ್ಬರಿಗೆ 20,000 ರೂಪಾಯಿ. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯ ಉಂಟು. ಗಲ್ಫಿನಿಂದ ಮುಂಬೈ, ಮುಂಬೈಯಿಂದ ಮಂಗಳೂರು ಒಂದೇ ಟಿಕೆಟಿನಲ್ಲಿದ್ದರೆ ಇಡೀ ಪ್ರಯಾಣ ಅಂತಾರಾಷ್ಟ್ರೀಯವೇ, ದೊಡ್ಡ ಮಿತಿಯೇ ಸಿಗುತ್ತದೆ. ನಾಲ್ಕು ಕಾಸು ಉಳಿಸಲು ಎರಡು ಟಿಕೆಟ್ ಬೇರೆ ಬೇರೆ ಮಾಡಿಸಿದ್ದು, ಎರಡನೆಯದರಲ್ಲಿ ಪೆಟ್ಟಿಗೆ ಹೋದರೆ 20,000ದ ಲೆಕ್ಕಕ್ಕೆ ಬೀಳುತ್ತೀರಿ. ಒಂದೇ ಟಿಕೆಟಿನಲ್ಲಿ ಎರಡು ಕಂಪೆನಿಯ ವಿಮಾನ ಇದ್ದರೆ "ಅವರನ್ನು ಕೇಳಿ", "ಇವರನ್ನು ಕೇಳಿ" ಎಂದು ಓಡಾಡಿಸುತ್ತಾರೆ. ಕಾನೂನಿನ ಪ್ರಕಾರ ಮೊದಲ ಕಂಪೆನಿ, ಕೊನೆಯ ಕಂಪೆನಿ, ಪೆಟ್ಟಿಗೆ ಯಾರ ಕೈಯಲ್ಲಿರುವಾಗ ಹೋಯಿತೋ ಆ ಕಂಪೆನಿ, ಇವರಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು.

ಕಂಪೆನಿಯ ಕೈಯಲ್ಲಿದ್ದ ಪೆಟ್ಟಿಗೆ ಕಳೆದರೆ ತಪ್ಪು ಯಾರದ್ದು ಎಂದು ನೀವು ತೋರಿಸಬೇಕಾಗಿಲ್ಲ. ತಡವಾದದ್ದಕ್ಕೆ ಮಾತ್ರ, ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು ಎಂದು ಅವರು ಸಾಬೀತು ಮಾಡಿದರೆ ತಪ್ಪಿಸಿಕೊಳ್ಳಬಹುದು. ಸಾಬೀತು ಮಾಡುವ ಭಾರ ಅವರ ಮೇಲೆ.

ನಮ್ಮ ಮನೆಯಲ್ಲಿ ಪಟ್ಟಿ ಬರೆಯಲು ಕುಳಿತಾಗಲೇ ನಿಜವಾದ ಪರೀಕ್ಷೆ. ಒಳಗೆ ಏನೆಲ್ಲ ಇತ್ತು? ಒಬ್ಬೊಬ್ಬರಿಗೆ ಒಂದೊಂದು ನೆನಪು. ಬಿಲ್ ಹುಡುಕಿದರೆ ಅರ್ಧ ಅಲ್ಲೇ ರೂಮಿನ ಕಸದ ಬುಟ್ಟಿಯಲ್ಲಿ. ಸಿಕ್ಕಿದ ಬಿಲ್ಲುಗಳಲ್ಲೂ ಎರಡು ಬಿಸಿಲಿಗೆ ಅಕ್ಷರ ಮಾಸಿ ಬರೀ ಬಿಳಿ ಕಾಗದವಾಗಿದ್ದವು. ಆ ಮಾಲ್‌ಗಳ ಬಿಲ್ ಹಾಗೆಯೇ, ನಾಲ್ಕು ತಿಂಗಳಲ್ಲಿ ಮಾಸಿಹೋಗುತ್ತದೆ. ಪುಣ್ಯಕ್ಕೆ ಬಟ್ಟೆ ಕೊಂಡದ್ದು ಕಾರ್ಡಿನಲ್ಲಿ, ಬ್ಯಾಂಕಿನ ಮೆಸೇಜುಗಳು ಇದ್ದವು. ಮಗಳು ಪೆಟ್ಟಿಗೆ ತುಂಬಿಸುವಾಗ ಗೆಳತಿಯರಿಗೆ ತೋರಿಸಲೆಂದು ಒಂದು ವಿಡಿಯೊ ಮಾಡಿದ್ದಳು. ಆಗ ನಾವು ಅವಳಿಗೆ ಬೈದಿದ್ದೆವು. ಆ ವಿಡಿಯೊವೇ ನಮ್ಮ ದೊಡ್ಡ ಸಾಕ್ಷಿಯಾಯಿತು.

ಮನೆಗೆ ಬಂದ ನೆಂಟರಲ್ಲಿ ಒಬ್ಬರು ಸಲಹೆ ಕೊಟ್ಟರು: "ಹೇಗೂ ಬರೆಯುತ್ತೀರಿ, ಎರಡು ಐಫೋನ್ ಸೇರಿಸಿ ಬರೆಯಿರಿ. ಕಂಪೆನಿಗೆ ಅದೆಲ್ಲ ಏನು ಲೆಕ್ಕ?" ಉಮ್ಮ ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತವರು ತಲೆ ಎತ್ತಿ "ಮದುವೆ ಮನೆಗೆ ಹರಾಮಿನ ಹಣ ಬೇಡ" ಎಂದರು. ಮಾತು ಅಲ್ಲಿಗೇ ಮುಗಿಯಿತು. ದೀನಿನ ಮಾತು ಹಾಗಿರಲಿ, ವ್ಯವಹಾರದಲ್ಲೂ ಅದು ಮೂರ್ಖತನ. ಪೆಟ್ಟಿಗೆಯ ತೂಕ ಅವರ ದಾಖಲೆಯಲ್ಲಿ ಇರುತ್ತದೆ. 23 ಕಿಲೋ ಪೆಟ್ಟಿಗೆಗೆ 40 ಕಿಲೋ ಪಟ್ಟಿ ಕೊಟ್ಟರೆ ನಿಜವಾಗಿ ಹೋದ ಸಾಮಾನನ್ನೂ ನಂಬುವುದಿಲ್ಲ. ಫೋನ್, ಲ್ಯಾಪ್‌ಟಾಪ್, ಚಿನ್ನ, ಹಣ, ದಾಖಲೆ ಪತ್ರಗಳನ್ನು ಚೆಕ್‌ಇನ್ ಪೆಟ್ಟಿಗೆಯಲ್ಲಿ ಇಡಬೇಡಿ, ಇಟ್ಟರೆ ನಾವು ಹೊಣೆಯಲ್ಲ ಎಂದು ಕಂಪೆನಿಗಳು ತಮ್ಮ ಷರತ್ತಿನಲ್ಲಿ ಮೊದಲೇ ಬರೆದಿರುತ್ತವೆ. ಆ ಷರತ್ತು ಎಷ್ಟು ಗಟ್ಟಿ ಎಂಬುದಕ್ಕೆ ಕೋರ್ಟಿನಲ್ಲಿ ವಾದ ಮಾಡಬಹುದು, ಆದರೆ ಆ ವಾದಕ್ಕೆ ವರ್ಷಗಳು ಬೇಕು. ಮದುವೆಯ ಚಿನ್ನ ಕೈಚೀಲದಲ್ಲೇ ಬರಲಿ. ತೀರ ಬೆಲೆಬಾಳುವ ವಸ್ತು ಪೆಟ್ಟಿಗೆಯಲ್ಲೇ ಹೋಗಬೇಕಾದರೆ, ಚೆಕ್‌ಇನ್ ಮಾಡುವಾಗಲೇ ಬೆಲೆ ಘೋಷಿಸಿ, ಕಂಪೆನಿ ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಿದರೆ ಮಿತಿ ಆ ಬೆಲೆಯವರೆಗೆ ಏರುತ್ತದೆ. ಒಪ್ಪಂದದಲ್ಲೇ ಇರುವ ಈ ದಾರಿಯನ್ನು ನಮ್ಮವರು ಯಾರೂ ಬಳಸಿದ್ದನ್ನು ನಾವು ನೋಡಿಲ್ಲ.

ಉಮ್ರಾಕ್ಕೆ ಹೋಗುವವರಿಗೆ ಪ್ರತ್ಯೇಕ ಒಂದು ಮಾತು. ಇಹ್ರಾಮಿನ ಬಟ್ಟೆ, ಸಕ್ಕರೆ ಕಾಯಿಲೆ ಮತ್ತು ಬಿಪಿಯ ಮಾತ್ರೆ, ಇನ್ಸುಲಿನ್, ಡಾಕ್ಟರ ಚೀಟಿ, ಇವು ಕೈಚೀಲದಲ್ಲೇ ಇರಬೇಕು. ಮೀಕಾತ್ ದಾಟುವಾಗ ಇಹ್ರಾಮ್ ವಿಮಾನದ ಹೊಟ್ಟೆಯಲ್ಲಿದ್ದರೆ ಎಂತ ಮಾಡುವುದು? ಪರ ಊರಿನಲ್ಲಿ ಪೆಟ್ಟಿಗೆ ತಡವಾದರೆ ಹಾಕಿಕೊಳ್ಳಲು ಬಟ್ಟೆ, ಸೋಪು, ಚಪ್ಪಲಿ, ಮಾತ್ರೆ ಕೊಳ್ಳಲೇಬೇಕಲ್ಲ, ಆ ಖರ್ಚನ್ನೂ ಕೇಳಬಹುದು. ಆದರೆ ಅಗತ್ಯದಷ್ಟೇ ಕೊಳ್ಳಿ, ಒಂದೊಂದಕ್ಕೂ ಬಿಲ್ ಇಡಿ. ಮಕ್ಕಾದ ಸಣ್ಣ ಅಂಗಡಿಯವನು ಬಿಲ್ ಕೊಡುವುದಿಲ್ಲ ಎಂದರೆ ಕಾರ್ಡಿನಲ್ಲಿ ಹಣ ಕೊಡಿ.

ನಮ್ಮ ನೀಲಿ ಪೆಟ್ಟಿಗೆ ಹದಿನಾರನೆಯ ದಿನ ಬಂತು. ಮದುವೆ ಕಳೆದು ಆರು ದಿನವಾಗಿತ್ತು. ಮಂಗಳೂರಿನ ಅಂಗಡಿಯಲ್ಲಿ ಮತ್ತೆ ಬಟ್ಟೆ ಕೊಂಡು, ದರ್ಜಿಗೆ ಎರಡು ಪಟ್ಟು ಕೊಟ್ಟು ರಾತ್ರಿ ಹೊಲಿಸಿ ಮದುವೆ ಮುಗಿಸಿದ್ದೆವು. ಪೆಟ್ಟಿಗೆ ತಂದ ಹುಡುಗ ಕಾಗದ ಚಾಚಿ "ಇಲ್ಲಿ ಸಹಿ" ಎಂದ. ಮಗಳು "ಮೊದಲು ತೆರೆದು ನೋಡ್ತೇವೆ" ಎಂದಳು. ಅವನಿಗೆ ಸಿಟ್ಟು ಬಂತು, ಇನ್ನೂ ನಾಲ್ಕು ಮನೆಗೆ ಹೋಗಬೇಕಂತೆ. ಆದರೂ ನಿಲ್ಲಿಸಿದೆವು. ಬೀಗ ಒಡೆದಿತ್ತು. ಬಟ್ಟೆ ಇತ್ತು. ಎರಡು ಅತ್ತರಿನ ಬಾಟಲಿ ಇರಲಿಲ್ಲ, ಮತ್ತೆ ನೆರೆಮನೆಯ ಉಮ್ಮನಿಗೆ ಅವರ ಮಗ ಕೊಟ್ಟ ಪೊಟ್ಟಣ ಇರಲಿಲ್ಲ. ಬೀಗ ಒಡೆದಿದೆ, ಸಾಮಾನು ಕಡಿಮೆ ಎಂದು ಬರೆದೇ ಸಹಿ ಹಾಕಿದೆವು. ಏನೂ ಹೇಳದೆ ತೆಗೆದುಕೊಂಡರೆ ಎಲ್ಲ ಸರಿಯಾಗಿಯೇ ಬಂದಿತ್ತು ಎಂದು ಕಾನೂನು ಊಹಿಸುತ್ತದೆ.

ಆ ರಾತ್ರಿಯೇ ಎರಡು ಪತ್ರ ಹೋಯಿತು. ಒಂದು ಕಾಣೆಯಾದ ಸಾಮಾನಿಗೆ, 7 ದಿನದ ವಾಯಿದೆಯದ್ದು. ಇನ್ನೊಂದು ತಡವಾದದ್ದಕ್ಕೆ, ಮತ್ತೆ ಕೊಂಡ ಬಟ್ಟೆಯ ಮತ್ತು ಹೊಲಿಗೆಯ ಬಿಲ್ ಸಹಿತ. ಹನ್ನೆರಡು ದಿನದ ಮೇಲೆ ಉತ್ತರ ಬಂತು. ವಿಷಾದ ವ್ಯಕ್ತಪಡಿಸಿ, ಮುಂದಿನ ಟಿಕೆಟಿಗೆ ಬಳಸಬಹುದಾದ ಸಣ್ಣ ಮೊತ್ತದ ವೋಚರ್ ಕೊಡುತ್ತೇವೆ, ಜೊತೆಗಿರುವ ಕಾಗದಕ್ಕೆ ಸಹಿ ಹಾಕಿ ಕಳುಹಿಸಿ ಎಂದು. ಆ ಕಾಗದದ ಕೊನೆಯ ಸಾಲಿನಲ್ಲಿ ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ, ಇನ್ನು ಯಾವ ಹಕ್ಕೂ ಕೇಳುವುದಿಲ್ಲ ಎಂದಿತ್ತು. ಇದನ್ನು ಓದದೆ ಸಹಿ ಹಾಕಿ ಕೈ ತೊಳೆದುಕೊಂಡವರು ನಮ್ಮ ಕೇರಿಯಲ್ಲೇ ಇಬ್ಬರಿದ್ದಾರೆ.

ನಾವು ಒಪ್ಪಲಿಲ್ಲ. ಒಪ್ಪಂದದ ಹೆಸರು, ನಮ್ಮ ಬಿಲ್ಲುಗಳ ಒಟ್ಟು ಮೊತ್ತ ಬರೆದು ಕಂಪೆನಿಯ ನೋಡಲ್ ಅಧಿಕಾರಿಗೆ ಕಳುಹಿಸಿದೆವು. ಉತ್ತರ ಬಾರದಾಗ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿದೆವು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಹೇಳಬಹುದು. ಇವು ಯಾವುದೂ ಕೋರ್ಟ್ ಅಲ್ಲ, ಆದರೆ ದೂರಿಗೆ ಸರ್ಕಾರದ ನಂಬರ್ ಬಿದ್ದ ಮೇಲೆ ಕಂಪೆನಿಯವರ ದನಿ ಸ್ವಲ್ಪ ಬದಲಾಗುತ್ತದೆ. ಅದನ್ನು ನಾವೇ ಕಂಡೆವು.

ಅದಕ್ಕೂ ಬಗ್ಗದಿದ್ದರೆ ಮಂಗಳೂರಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಉಂಟು. ವಕೀಲರು ಬೇಕೆಂದಿಲ್ಲ, ನಾವೇ ವಾದಿಸಬಹುದು. ಟಿಕೆಟಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ದೂರುದಾರರು ವಾಸವಿರುವ ಊರಿನಲ್ಲೇ ದೂರು ಹಾಕಬಹುದು ಎಂದು 2019ರ ಗ್ರಾಹಕ ಕಾಯ್ದೆ ಹೇಳುತ್ತದೆ. ಆದರೆ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಒಂದು ತೊಡಕು. ಎಲ್ಲಿ ದಾವೆ ಹೂಡಬಹುದು ಎಂದು ಮಾಂಟ್ರಿಯಲ್ ಒಪ್ಪಂದ ಬೇರೆಯೇ ಹೇಳುತ್ತದೆ: ಕಂಪೆನಿಯ ನೆಲೆ ಅಥವಾ ಮುಖ್ಯ ಕಚೇರಿ ಇರುವಲ್ಲಿ, ಟಿಕೆಟ್ ಮಾಡಿಸಿದ ಅದರ ಕಚೇರಿ ಇರುವಲ್ಲಿ, ಅಥವಾ ಪ್ರಯಾಣ ಮುಗಿಯುವ ಊರಿನಲ್ಲಿ. ದುಬೈಯಲ್ಲಿ ಹೋಗಿ ಬರುವ ಟಿಕೆಟ್ ಕೊಂಡು ಊರಿಗೆ ಬಂದವರಿಗೆ ಪ್ರಯಾಣ ಮುಗಿಯುವ ಊರು ಮಂಗಳೂರು ಅಲ್ಲ, ದುಬೈ ಎಂದೇ ಲೆಕ್ಕ. ಅಂತಹವರ ಕಂಪೆನಿಯೂ ವಿದೇಶದ್ದಾದರೆ ಇಲ್ಲಿ ದೂರು ಹಾಕಿದಾಗ ಅವರು ಇದೇ ತಕರಾರು ಎತ್ತುತ್ತಾರೆ. ಹೂಡುವ ಮೊದಲು ಗೊತ್ತಿರುವ ವಕೀಲರೊಬ್ಬರ ಹತ್ತಿರ ಟಿಕೆಟ್ ತೋರಿಸಿ ಕೇಳಿಕೊಳ್ಳುವುದು ಲೇಸು.

ನಮಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮೂರೂವರೆ ತಿಂಗಳ ಮೇಲೆ ಬಟ್ಟೆಯ ಬಿಲ್ಲಿನ ಬಹುಪಾಲು, ಅತ್ತರ್ ಮತ್ತು ಆ ಪೊಟ್ಟಣದ ಬೆಲೆ ಬ್ಯಾಂಕಿಗೆ ಬಂತು. ಹೊಲಿಗೆಯ ಹೆಚ್ಚುವರಿ ಹಣ ಕೊಡಲಿಲ್ಲ. ದರ್ಜಿ ಬಿಲ್ ಕೊಟ್ಟಿರಲಿಲ್ಲ, ನಾವು ಕೈಯಲ್ಲಿ ಬರೆದ ಚೀಟಿಯನ್ನು ಅವರು ಒಪ್ಪಲಿಲ್ಲ. ಒಪ್ಪದಿದ್ದದ್ದು ತಪ್ಪೆಂದು ಹೇಳಲಾರೆವು.

ಈಗ ಆ ಪೊಟ್ಟಣದ ವಿಷಯ. ಗಲ್ಫಿನಿಂದ ಬರುವವನ ಪೆಟ್ಟಿಗೆಯಲ್ಲಿ ಅವನ ಸಾಮಾನು ಅರ್ಧವೇ, ಉಳಿದರ್ಧ ಅಮಾನತು ಎಂಬುದು ನಿಮಗೆಲ್ಲ ಗೊತ್ತು. ರೂಮಿನವನ ಹೆಂಡತಿಗೆ ಚೂಡಿದಾರ್, ಸೂಪರ್‌ವೈಸರನ ತಾಯಿಗೆ ಆಕ್ಸ್ ಆಯಿಲ್, ಯಾರದೋ ಮಗುವಿಗೆ ಹಾಲಿನ ಪುಡಿ. ನೆರೆಮನೆಯ ಹುಡುಗ ಕೊಟ್ಟದ್ದು ಒಂದು ಕೈಗಡಿಯಾರ, ಎರಡು ಶಾಲು. ಅಮಾನತು ಇಟ್ಟುಕೊಂಡವನು ಅಜಾಗರೂಕತೆ ಮಾಡದಿದ್ದರೆ ಹೋದದ್ದಕ್ಕೆ ಹೊಣೆಯಲ್ಲ ಎಂಬುದು ಫಿಕ್ಹ್‌ನ ಸಾಮಾನ್ಯ ನಿಯಮ. ಆದರೆ ಕೇರಿಯ ಬಾಯಿಗೆ ಫಿಕ್ಹ್ ಗೊತ್ತಿಲ್ಲ. ಪೆಟ್ಟಿಗೆ ಬಾರದ ಮೊದಲ ವಾರದಲ್ಲೇ ಮಾತು ನಮ್ಮ ಕಿವಿಗೆ ಬಿತ್ತು: "ಐದರಲ್ಲಿ ನಾಲ್ಕು ಬಂತಂತೆ, ನಮ್ಮದಿದ್ದ ಒಂದೇ ಬರಲಿಲ್ಲವಂತೆ." ಆ ಉಮ್ಮ ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದರು. ಮದುವೆಗೆ ಬಂದವರು ಊಟ ಮಾಡದೆ ಹೋದರು.

ಮಗಳು ಪಿಐಆರ್ ಕಾಗದ ತೆಗೆದುಕೊಂಡು ಅವರ ಮನೆಗೆ ಹೋದಳು. ವಿಮಾನ ಇಳಿದ ದಿನದ ತಾರೀಕು, ವೇಳೆ, ಕೌಂಟರಿನವರ ಸೀಲು, ಒಳಗಿರುವ ವಸ್ತುಗಳ ಸಾಲಿನಲ್ಲಿ ನಾವು ಆವತ್ತೇ ಬರೆಸಿದ್ದ ಕೈಗಡಿಯಾರ, ಶಾಲು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಮೊಮ್ಮಗನನ್ನು ಕರೆದು ಓದಿಸಿದರು. ಎರಡು ಸಲ ಓದಿಸಿದರಂತೆ.

ಪರಿಹಾರದ ಹಣ ಬಂದ ಮೇಲೆ ಮೊದಲು ತೆಗೆದಿಟ್ಟದ್ದು ಆ ಪೊಟ್ಟಣದ ಬೆಲೆ. ಕೊಂಡುಹೋಗಿ ಕೊಟ್ಟಾಗ ಅವರು ಶಾಲಿನ ಹಣವನ್ನು ಹಿಂದಕ್ಕೆ ಕೊಟ್ಟು, ಗಡಿಯಾರದ್ದು ಮಾತ್ರ ಇಟ್ಟುಕೊಂಡರು. ಮರುದಿನ ಬೆಳಗ್ಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಟ್ಟಲು ಮುಚ್ಚಿಕೊಂಡು ನಿಂತಿದ್ದರು. ಒಳಗೆ ಬಿಸಿ ಪತ್ತಿರಿ ಇತ್ತು.